ಬಹುಮಾನ ಬಂದಿದೆ, ಜಂಬ ಅನ್ನಿಸದ ಹಾಗೆ ಹೇಳೋದು ಹೇಗೆ?

ನನ್ನ ಮೊದಲ ಕಥೆಗೆ ಒಂದು ಸ್ಪರ್ಧೆಯಲ್ಲಿ ಮೆಚ್ಚುಗೆ ಬಹುಮಾನ ಬಂದಿತ್ತು. ಖುಷಿಗೆ ಫೇಸ್‌ಬುಕ್‌ನಲ್ಲಿ ಹೀಗೆ ಬರೆದೆ: ‘ನನ್ನ ಕಥೆಗೆ ಪ್ರಶಸ್ತಿ ದೊರೆತಿರುವುದನ್ನು ತಿಳಿಸಲು ಹರ್ಷಿಸುತ್ತೇನೆ. ಎಲ್ಲಾ ನಿಮ್ಮ ಆಶೀರ್ವಾದ. ನನ್ನದೇನಿದ್ದರೂ ಅಳಿಲು ಸೇವೆ.’ ಹತ್ತು ನಿಮಿಷದಲ್ಲಿ ಹಿರಿಯ ಕಥೆಗಾರರೊಬ್ಬರು ಕೆಳಗೆ ಎರಡೇ ಪದ ಹಾಕಿದರು: ‘ಎಷ್ಟನೇ ಬಹುಮಾನ?’

ಪೋಸ್ಟ್ ಅಳಿಸಿದೆ. ಆಮೇಲೆ ಎರಡು ವರ್ಷ ಏನು ಬಂದರೂ ಯಾರಿಗೂ ಹೇಳಲಿಲ್ಲ. ಮೊದಲ ಕಥಾಸಂಕಲನ ಬಂದಾಗಲೂ ಸುಮ್ಮನೇ ಕೂತಿದ್ದೆ. ಮೂರು ತಿಂಗಳಾದ ಮೇಲೆ ಪ್ರಕಾಶಕರು ಫೋನ್ ಮಾಡಿ, ‘ನಿಮ್ಮ ಪುಸ್ತಕದ ಬಂಡಲ್ ಬಿಚ್ಚೇ ಇಲ್ಲ ಕಣ್ರೀ. ನೀವೇ ಹೇಳದಿದ್ರೆ ಯಾರಿಗೆ ಗೊತ್ತಾಗತ್ತೆ?’ ಅಂದರು. ಹೇಳಿ ಒಂದು ಸಲ ಕೆಟ್ಟೆ, ಹೇಳದೆ ಇನ್ನೊಂದು ಸಲ. ಈ ಎರಡರ ನಡುವೆ ದಾರಿ ಹುಡುಕಿಕೊಂಡದ್ದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಕಥೆ, ಕವಿತೆ, ಅನುವಾದ, ಅಂಕಣ ಏನೇ ಬರೆಯುವವರಿಗೂ ಇದು ಹೊಂದುತ್ತದೆ.

ಮೊದಲು ಸಂಕೋಚದ ಮಾತು

ನಮಗೆ ಸಂಕೋಚ ಬರುವುದರಲ್ಲಿ ಆಶ್ಚರ್ಯವಿಲ್ಲ. ‘ತುಂಬಿದ ಕೊಡ ತುಳುಕುವುದಿಲ್ಲ’ ಅಂತ ಕೇಳಿಕೊಂಡೇ ಬೆಳೆದವರು ನಾವು. ತುಳುಕುವುದಿಲ್ಲ, ನಿಜ. ಆದರೆ ಕೊಡ ಎಲ್ಲಿದೆ ಅಂತ ಬಾಯಾರಿದವರಿಗೆ ಗೊತ್ತಾಗಬೇಕಲ್ವಾ? ಬಸವಣ್ಣನವರ ‘ತನ್ನ ಬಣ್ಣಿಸಬೇಡ’ವೂ ಎಲ್ಲರಿಗೂ ಬಾಯಿಪಾಠ. ಅದೇ ವಚನದಲ್ಲಿ ಅದಕ್ಕಿಂತ ಮುಂಚೆ ‘ಹುಸಿಯ ನುಡಿಯಲು ಬೇಡ’ ಅಂತಲೂ ಇದೆ. ಬಂದ ಬಹುಮಾನವನ್ನು ‘ಅಯ್ಯೋ, ಅದೇನೂ ಇಲ್ಲ ಬಿಡಿ’ ಅನ್ನುವುದೂ ಒಂದು ಹುಸಿಯೇ.

ಗದುಗಿನ ಕುಮಾರವ್ಯಾಸನನ್ನು ನೋಡಿ. ಕಾವ್ಯದ ಶುರುವಿನಲ್ಲಿ ವೀರನಾರಾಯಣನೇ ಕವಿ, ತಾನು ಬರೀ ಲಿಪಿಕಾರ ಅನ್ನುತ್ತಾನೆ. ಅಲ್ಲೇ ಹತ್ತಿರದ ಇನ್ನೊಂದು ಪದ್ಯದಲ್ಲಿ ತನ್ನ ಹೆಚ್ಚುಗಾರಿಕೆಗಳನ್ನು ಎಣಿಸುತ್ತಾನೆ. ಹಲಗೆ ಬಳಪ ಹಿಡಿದವನಲ್ಲ, ಇಟ್ಟ ಪದವನ್ನು ಅಳಿಸಿದವನಲ್ಲ, ಬೇರೆಯವರ ರೀತಿಯನ್ನು ಎತ್ತಿಕೊಂಡವನಲ್ಲ. ಇದನ್ನು ಜಂಬ ಅನ್ನಬಹುದು. ಆದರೂ ಕೇಳಿದರೆ ಮುಜುಗರವಾಗುವುದಿಲ್ಲ. ಯಾಕೆ? ಅವನು ‘ನಾನು ಮಹಾಕವಿ’ ಅನ್ನಲಿಲ್ಲ. ಕೆಲಸ ಹೇಗೆ ಮಾಡಿದೆ ಅಂತ ವಿವರ ಕೊಟ್ಟ.

ನನಗೆ ಗೊತ್ತಿರುವ ಗುಟ್ಟು ಇಷ್ಟೇ. ಸುದ್ದಿ ಮಸುಕಾದಷ್ಟೂ ಜಂಬದ ಹಾಗೆ ಕೇಳಿಸುತ್ತದೆ. ವಿವರ ನಿಖರವಾದಷ್ಟೂ ಬರೀ ಸುದ್ದಿಯಾಗುತ್ತದೆ. ಮುಂದಿನ ಹೆಜ್ಜೆಗಳೆಲ್ಲ ಇದರಿಂದಲೇ ಹುಟ್ಟಿದವು.

ಹೆಜ್ಜೆ 1: ಬಂದಿರುವುದು ಏನು ಅಂತ ಸರಿಯಾಗಿ ತಿಳಿದುಕೊಳ್ಳಿ

ಪೋಸ್ಟ್ ಬರೆಯುವ ಮೊದಲು ಒಂದು ಚೀಟಿಯಲ್ಲೋ ಫೋನಿನಲ್ಲೋ ಇಷ್ಟನ್ನು ಬರೆದುಕೊಳ್ಳಿ: ಕೊಟ್ಟವರು ಯಾರು, ಬಹುಮಾನದ ಪೂರ್ತಿ ಹೆಸರೇನು, ಯಾವ ವರ್ಷದ್ದು, ಯಾವ ವಿಭಾಗ, ಎಷ್ಟನೇ ಸ್ಥಾನ, ಯಾವ ಬರಹಕ್ಕೆ, ಜೊತೆಗೆ ಇನ್ಯಾರಿಗೆ ಬಂದಿದೆ. ಐದು ನಿಮಿಷದ ಕೆಲಸ. ನಾನು ಅವತ್ತು ಇದನ್ನು ಮಾಡಿದ್ದರೆ ಆ ಎರಡು ಪದದ ಪ್ರಶ್ನೆ ಬರುತ್ತಲೇ ಇರಲಿಲ್ಲ.

ಕನ್ನಡದಲ್ಲಿ ಅತಿ ಹೆಚ್ಚು ಮಸುಕಾಗಿರುವ ಪದ ಅಂದರೆ ‘ಅಕಾಡೆಮಿ ಪ್ರಶಸ್ತಿ’. ಯಾವ ಅಕಾಡೆಮಿ? ದೆಹಲಿಯ ಸಾಹಿತ್ಯ ಅಕಾಡೆಮಿ 1954ರಲ್ಲಿ ಶುರುವಾದದ್ದು. ಅದು 24 ಭಾಷೆಗಳಲ್ಲಿ ವರ್ಷಕ್ಕೊಮ್ಮೆ, ಭಾಷೆಗೊಂದರಂತೆ ಮುಖ್ಯ ಪ್ರಶಸ್ತಿ ಕೊಡುತ್ತದೆ. ಅದರದ್ದೇ ಅನುವಾದ ಪ್ರಶಸ್ತಿ ಬೇರೆ, 2010ರಿಂದ ಕೊಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರ ಬೇರೆ, 35 ವರ್ಷದೊಳಗಿನವರಿಗೆ 2011ರಿಂದ ಕೊಡುತ್ತಿರುವ ಯುವ ಪುರಸ್ಕಾರ ಬೇರೆ. ಬೆಂಗಳೂರಿನ ಕರ್ನಾಟಕ ಸಾಹಿತ್ಯ ಅಕಾಡೆಮಿ 1961ರದ್ದು. ಅದರಲ್ಲಿ ಗೌರವ ಪ್ರಶಸ್ತಿ, ಸಾಹಿತ್ಯಶ್ರೀ, ಪುಸ್ತಕ ಬಹುಮಾನ, ದತ್ತಿ ಬಹುಮಾನ ಅಂತ ಬೇರೆ ಬೇರೆ ಇವೆ. ನಿಮಗೆ ಬಂದದ್ದು ದತ್ತಿ ಬಹುಮಾನವಾದರೆ ದತ್ತಿ ಬಹುಮಾನ ಅಂತಲೇ ಬರೆಯಿರಿ, ಯಾವ ದತ್ತಿ ಅನ್ನುವುದನ್ನೂ ಸೇರಿಸಿ. ಯಾರೋ ತಮ್ಮವರ ನೆನಪಿಗೆ ಇಟ್ಟ ದುಡ್ಡು ಅದು, ಅವರ ಹೆಸರು ಹೇಳುವುದು ಮರ್ಯಾದೆ. ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಪ್ರಶಸ್ತಿಗಳಿಗೂ ಇದೇ ಮಾತು.

ವರ್ಷದ ವಿಷಯದಲ್ಲೂ ಎಚ್ಚರ ಇರಲಿ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನಗಳು ಯಾವ ವರ್ಷ ಅಚ್ಚಾದ ಪುಸ್ತಕಕ್ಕೋ ಆ ವರ್ಷದ ಹೆಸರಿನಲ್ಲಿರುತ್ತವೆ. ಪ್ರಕಟಣೆ ಬರುವುದು ಆಮೇಲೆ. ‘ಈ ವರ್ಷದ’ ಅಂದುಬಿಟ್ಟರೆ ತಪ್ಪಾಗುತ್ತದೆ. ‘ಇಂಥ ಸಾಲಿನ’ ಅಂತ ಅಂಕಿ ಹಾಕಿ.

ಇನ್ನು ಪಟ್ಟಿಗಳ ವಿಷಯ. ಮೊದಲ ಸುತ್ತಿನ ಉದ್ದ ಪಟ್ಟಿಯೇ ಬೇರೆ, ಕೊನೆಯ ಸುತ್ತಿನ ಚಿಕ್ಕ ಪಟ್ಟಿಯೇ ಬೇರೆ. ಇಂಗ್ಲಿಷ್‌ಗೆ ಅನುವಾದವಾದ ಪುಸ್ತಕಗಳಿಗೆ ಕೊಡುವ ಅಂತರರಾಷ್ಟ್ರೀಯ ಬೂಕರ್ ಬಹುಮಾನದ 2025ರ ಉದ್ದ ಪಟ್ಟಿಯಲ್ಲಿ 13 ಪುಸ್ತಕಗಳಿದ್ದವು, ಚಿಕ್ಕ ಪಟ್ಟಿಯಲ್ಲಿ 6. ಎರಡನ್ನೂ ಸೇರಿಸಿ ‘ಅಂತಿಮ ಸುತ್ತು’ ಅನ್ನುವ ಹಾಗಿಲ್ಲ. ಪ್ರಕಾಶಕರು ನಾಲ್ಕು ಪ್ರತಿ ಅಂಚೆಗೆ ಹಾಕಿದ್ದನ್ನು ‘ನನ್ನ ಪುಸ್ತಕ ನಾಮನಿರ್ದೇಶನಗೊಂಡಿದೆ’ ಅನ್ನುವುದಂತೂ ಬೇಡವೇ ಬೇಡ. ಕಳಿಸುವುದಕ್ಕೂ ಆಯ್ಕೆಯಾಗುವುದಕ್ಕೂ ಇರುವ ವ್ಯತ್ಯಾಸ ಸಾಹಿತ್ಯ ವಲಯದಲ್ಲಿ ಎಲ್ಲರಿಗೂ ಗೊತ್ತು.

ಮುದ್ರಣದ ಲೆಕ್ಕಕ್ಕೂ ಇದೇ ನಿಯಮ. ‘ಮೊದಲ ಮುದ್ರಣ ಖಾಲಿ!’ ಅನ್ನುವಾಗ ಎಷ್ಟು ಪ್ರತಿ ಅಂತ ಹೇಳಿ. 300 ಪ್ರತಿ ಅಂದರೆ 300. ಅದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ? ಚೊಚ್ಚಲ ಕವನ ಸಂಕಲನದ 300 ಪ್ರತಿ ಮಾರುವ ಕಷ್ಟ ಮಾರಿದವರಿಗೇ ಗೊತ್ತು. ಸಂಖ್ಯೆ ಮುಚ್ಚಿಟ್ಟರೆ ಓದುವವರು ಮನಸ್ಸಿನಲ್ಲೇ ‘ನೂರು ಹಾಕಿಸಿರಬೇಕು’ ಅಂದುಕೊಳ್ಳುತ್ತಾರೆ.

ಇಲ್ಲೇ ಒಂದು ಅಡ್ಡ ಮಾತು. ವಾಟ್ಸಾಪ್‌ನಲ್ಲಿ ‘ತಾವು ರಾಜ್ಯಮಟ್ಟದ ಪ್ರಶಸ್ತಿಗೆ ಆಯ್ಕೆಯಾಗಿದ್ದೀರಿ, ನೋಂದಣಿ ಶುಲ್ಕ ಇಷ್ಟು’ ಅನ್ನುವ ಸಂದೇಶ ನಿಮಗೂ ಬಂದಿರಬಹುದು. ದುಡ್ಡು ಕೊಟ್ಟು ತಂದದ್ದನ್ನು ಎಷ್ಟೇ ವಿನಯದಿಂದ ಹೇಳಿದರೂ ಅದು ಜಂಬವೇ. ಅಂಥದ್ದಕ್ಕೆ ಈ ಲೇಖನದಿಂದ ಏನೂ ಉಪಯೋಗವಿಲ್ಲ.

ಹೆಜ್ಜೆ 2: ಪ್ರಕಟಣೆ ಬರುವ ತನಕ ಕಾಯಿರಿ

ಫೋನ್ ಬಂದ ತಕ್ಷಣ ಕೈ ತುರಿಸುತ್ತದೆ. ತಡೆದುಕೊಳ್ಳಿ. ಸಂಸ್ಥೆಯವರು ತಾವೇ ಪ್ರಕಟಿಸುವ ತನಕ ಮನೆಯವರಿಗೆ, ಪ್ರಕಾಶಕರಿಗೆ ಮಾತ್ರ ಹೇಳಿ. ಪಟ್ಟಿಯಲ್ಲಿರುವ ಇನ್ನೊಬ್ಬರಿಗೆ ಇನ್ನೂ ಫೋನೇ ಹೋಗಿರದಿರಬಹುದು. ಪತ್ರಿಕೆಗೆ ಕೊಟ್ಟ ಕಥೆಯೂ ಹಾಗೇ. ‘ಮುಂದಿನ ಸಂಚಿಕೆಯಲ್ಲಿ ಬರುತ್ತಂತೆ’ ಅಂತ ಸಾರಿದ ಮೇಲೆ ಜಾಗ ಸಾಲದೆ ಅದು ಮುಂದಕ್ಕೆ ಹೋದರೆ, ಎರಡು ತಿಂಗಳು ಎಲ್ಲರಿಗೂ ಉತ್ತರ ಕೊಡುತ್ತಾ ಇರಬೇಕಾಗುತ್ತದೆ.

ಹೆಜ್ಜೆ 3: ಟಿಪ್ಪಣಿ ಬರೆಯುವುದು

ಹೆಚ್ಚಿನವರು ಎಡವುವುದು ಇಲ್ಲೇ. ಅದೂ ವಿನಯ ತೋರಿಸಲು ಹೋಗಿಯೇ ಎಡವುತ್ತಾರೆ.

ನನ್ನ ಹಳೆಯ ಪೋಸ್ಟನ್ನು ಇವತ್ತು ಬರೆಯುವುದಾದರೆ ಹೀಗೆ ಬರೆಯುತ್ತಿದ್ದೆ:

‘ನನ್ನ “ಕಡಲೆಕಾಯಿ ಪೊಟ್ಟಣ” ಕಥೆಗೆ ಈ ಸಲದ ದೀಪಾವಳಿ ಸಂಚಿಕೆಯ ಕಥಾಸ್ಪರ್ಧೆಯಲ್ಲಿ ಮೆಚ್ಚುಗೆ ಬಹುಮಾನ ಬಂದಿದೆ. ಮೊದಲ ಮೂರು ಬಹುಮಾನ ಪಡೆದ ಕಥೆಗಳೂ ಅದೇ ಸಂಚಿಕೆಯಲ್ಲಿವೆ. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುತ್ತಿದ್ದ ಅಜ್ಜಿಯೊಬ್ಬರು ಚಿಲ್ಲರೆ ಇಲ್ಲದಾಗ ಬದಲಿಗೆ ಒಂದು ಕಥೆ ಹೇಳಿ ಕಳಿಸುತ್ತಿದ್ದರು. ಆ ನೆನಪಿನಿಂದ ಶುರುವಾದದ್ದು. ಕೊನೆಯನ್ನು ನಾಲ್ಕು ಸಲ ಬದಲಿಸಿದೆ. ಈಗಲೂ ಅದು ಸರಿಯಾಗಿದೆಯಾ ಅಂತ ಅನುಮಾನ. ಓದಿದವರು ಹೇಳಿ.’

ಮೊದಲ ವಾಕ್ಯದಲ್ಲೇ ಪೂರ್ತಿ ಸುದ್ದಿ ಇದೆ. ಯಾವ ಕಥೆ, ಯಾವ ಸ್ಪರ್ಧೆ, ಎಷ್ಟನೆಯದು. ಸುತ್ತಿ ಬಳಸುವುದಿಲ್ಲ. ‘ಒಂದು ಸಿಹಿ ಸುದ್ದಿ ಇದೆ, ಏನಿರಬಹುದು ಹೇಳಿ?’ ಅಂತ ಆಟ ಆಡಿಸುವುದಿಲ್ಲ. ಎರಡನೆಯ ವಾಕ್ಯ ಗೆದ್ದ ಇತರರ ಕಡೆ ಕೈ ತೋರಿಸುತ್ತದೆ. ಆಮೇಲೆ ಬರುವುದೆಲ್ಲ ಕಥೆಯ ಬಗ್ಗೆ. ಓದುವವರಿಗೆ ಒಂದು ಅಜ್ಜಿ ಸಿಕ್ಕಿದರು, ಒಂದು ಬಸ್‌ಸ್ಟ್ಯಾಂಡ್ ಸಿಕ್ಕಿತು. ಬಹುಮಾನದಿಂದ ಅವರಿಗೆ ಏನೂ ಸಿಗುವುದಿಲ್ಲ, ಕಥೆಯಿಂದ ಸಿಗುತ್ತದೆ. ಹಾಗಾಗಿ ಬಹುಮಾನಕ್ಕೆ ಒಂದು ವಾಕ್ಯ, ಕಥೆಗೆ ಐದು.

ಆ ಅನುಮಾನದ ವಾಕ್ಯ ನಿಜವಾಗಿದ್ದರೆ ಮಾತ್ರ ಬರೆಯಿರಿ. ಅಲಂಕಾರಕ್ಕೆ ಅನುಮಾನ ಪಟ್ಟರೆ ಗೊತ್ತಾಗಿಬಿಡುತ್ತದೆ.

ಈಗ ತೆಗೆದುಹಾಕಬೇಕಾದ ಪದಗಳು. ‘ಹರ್ಷಿಸುತ್ತೇನೆ’, ‘ದೊರೆತಿರುತ್ತದೆ’ ಇವು ಆಹ್ವಾನಪತ್ರಿಕೆಯ ಕನ್ನಡ. ‘ಖುಷಿಯಾಯಿತು’, ‘ಬಂದಿದೆ’ ಸಾಕು. ‘ಪ್ರತಿಷ್ಠಿತ’ ಅನ್ನುವುದು ಇನ್ನೂ ವಿಚಿತ್ರ. ನಿಜವಾಗಿ ಪ್ರತಿಷ್ಠಿತವಾಗಿದ್ದರೆ ಓದುಗರಿಗೇ ಗೊತ್ತಿರುತ್ತದೆ, ಇಲ್ಲದಿದ್ದರೆ ನಾವು ಹೇಳಿದ ಮಾತ್ರಕ್ಕೆ ಆಗುವುದಿಲ್ಲ. ‘ಅಳಿಲು ಸೇವೆ’, ‘ಪುಟ್ಟ ಪ್ರಯತ್ನ’, ‘ಈ ಪಾಮರನಿಗೂ’ ಇವೆಲ್ಲ ವಿನಯದ ವೇಷ. ರಾಮನಿಗೆ ಸೇತುವೆ ಕಟ್ಟಲು ಹೋದ ಅಳಿಲು ತನ್ನದು ಅಳಿಲು ಸೇವೆ ಅಂತ ಹೇಳಿಕೊಂಡಿರಲಿಲ್ಲ. ‘ಅರ್ಹತೆ ಇಲ್ಲದಿದ್ದರೂ ಕೊಟ್ಟಿದ್ದಾರೆ’ ಅಂದರೆ ತೀರ್ಪುಗಾರರಿಗೆ ಬುದ್ಧಿ ಇಲ್ಲ ಅಂದ ಹಾಗೆ. ಪಾಪ, ಅವರು ಕಟ್ಟುಗಟ್ಟಲೆ ಕಥೆ ಓದಿ ನಿಮ್ಮದನ್ನು ಆರಿಸಿರುತ್ತಾರೆ.

ತಮ್ಮನ್ನು ತಾವು ಕರೆದುಕೊಳ್ಳುವ ಪದಕ್ಕೂ ಕನ್ನಡದಲ್ಲಿ ತೂಕವಿದೆ. ‘ನಾನು ಕಥೆ ಬರೆಯುತ್ತೇನೆ’ ಅಂದರೆ ಯಾರಿಗೂ ತೊಂದರೆಯಿಲ್ಲ. ‘ಕಥೆಗಾರ’, ‘ಲೇಖಕಿ’, ‘ಅನುವಾದಕ’ ಕೂಡ ಕೆಲಸದ ಹೆಸರುಗಳೇ, ಪರವಾಗಿಲ್ಲ. ‘ಸಾಹಿತಿ’ ಅನ್ನುವುದನ್ನು ಮಾತ್ರ ಬೇರೆಯವರು ಕರೆಯಲಿ. ‘ನಾನು ಸಾಹಿತಿ’ ಅನ್ನುವುದು ‘ನಾನು ಸಜ್ಜನ’ ಅಂದ ಹಾಗೆ ಕೇಳಿಸುತ್ತದೆ. ‘ನಮ್ಮ ಕೃತಿ’, ‘ನಮಗೆ ಸಂದಿದೆ’ ಅಂತ ಒಬ್ಬರೇ ಬಹುವಚನವಾಗುವುದೂ ಬೇಡ. ತನ್ನ ಗೋಡೆಯ ಮೇಲೆ ತಾನೇ ‘ಕವಿ ಇಂಥವರಿಗೆ ಪ್ರಶಸ್ತಿ ಲಭಿಸಿದೆ’ ಅಂತ ಬೇರೆಯವರ ಹಾಗೆ ಬರೆಯುವುದಂತೂ ತಮಾಷೆಯಾಗಿರುತ್ತದೆ. ಇಂಗ್ಲಿಷ್ ಪ್ರಕಾಶಕರು ಕೇಳುವ ಪರಿಚಯದಲ್ಲಿ ಹಾಗೆ ಬರೆಯುವುದು ವಾಡಿಕೆ, ಅಲ್ಲಿ ಸರಿ.

ಬರೆದಾದ ಮೇಲೆ ಒಂದು ಪರೀಕ್ಷೆ ಮಾಡಿ. ಅದನ್ನು ಫೋನಿನಲ್ಲಿ ನಿಮ್ಮ ಅಕ್ಕನಿಗೆ ಹೇಳುವ ಹಾಗೆ ಗಟ್ಟಿಯಾಗಿ ಓದಿ. ‘ಲೇಖನಿಯಿಂದ ಒಡಮೂಡಿದ’ ಅಂತ ಯಾರಾದರೂ ಅಕ್ಕನಿಗೆ ಹೇಳುತ್ತಾರಾ? ನಾಲಿಗೆ ತಡವರಿಸಿದ ಕಡೆ ಗೆರೆ ಹಾಕಿ ತಿದ್ದಿ.

ಹೆಜ್ಜೆ 4: ಜೊತೆಗಿದ್ದವರನ್ನು ಕೆಲಸದ ಸಮೇತ ಹೆಸರಿಸಿ

ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ 20ರಂದು ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಆ 50,000 ಪೌಂಡ್ ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಪಾಲು. ಬಹುಮಾನದ ನಿಯಮದಲ್ಲೇ ಅನುವಾದಕರಿಗೆ ಅರ್ಧ ಇದೆ. ಹೀಗಿರುವಾಗ ‘ನನ್ನ ಕಥೆ ಹಿಂದಿಗೆ ಅನುವಾದವಾಗಿದೆ’ ಅಂತ ಬರೆದು ಅನುವಾದಕರ ಹೆಸರೇ ಬಿಟ್ಟರೆ ಹೇಗೆ? ಕಥೆ ತಾನಾಗಿ ಅನುವಾದವಾಗುವುದಿಲ್ಲ.

ಹೆಸರು ಹೇಳುವಾಗಲೂ ಮಸುಕು ಬೇಡ. ‘ಸಹಕರಿಸಿದ ಎಲ್ಲರಿಗೂ ಧನ್ಯವಾದ’ ಅಂದರೆ ಯಾರಿಗೂ ಹೇಳಿದ ಹಾಗಾಗಲಿಲ್ಲ. ಮುಖಪುಟ ಬರೆದ ಕಲಾವಿದರು, ಕರಡು ತಿದ್ದಿದವರು, ಪುಟ ವಿನ್ಯಾಸ ಮಾಡಿದವರು ಏನು ಮಾಡಿದರು ಅಂತ ಒಂದೊಂದು ಸಾಲು ಹೇಳಿ. ನನ್ನ ಸಂಕಲನದ ಕರಡು ನೋಡಿದ ಗೆಳತಿ ಒಂದು ಕಥೆಯನ್ನು ಪೂರ್ತಿ ತೆಗೆಸಿದಳು. ‘ಒಂದು ಕಥೆ ಅವಳಿಂದಾಗಿ ಈ ಪುಸ್ತಕದಲ್ಲಿಲ್ಲ, ಪುಸ್ತಕ ಅದರಿಂದ ಚೆನ್ನಾಗಾಯಿತು’ ಅಂತ ಬರೆದೆ. ಆ ಸಾಲಿಗೆ ಬಂದಷ್ಟು ಪ್ರತಿಕ್ರಿಯೆ ಪುಸ್ತಕಕ್ಕೂ ಬರಲಿಲ್ಲ.

ಆದರೆ ಅರವತ್ತು ಜನರನ್ನು ಟ್ಯಾಗ್ ಮಾಡುವುದು ಕೃತಜ್ಞತೆಯಲ್ಲ, ಬಲವಂತದ ಕರೆಯೋಲೆ. ಕೆಲಸ ಮಾಡಿದವರನ್ನು ಮಾತ್ರ ಮಾಡಿ. ಪುಸ್ತಕ ಓದಿಯೇ ಇರದ ದೊಡ್ಡವರೊಬ್ಬರ ಹೆಸರನ್ನು ‘ಅವರ ಆಶೀರ್ವಾದದಿಂದ’ ಅಂತ ಎಳೆದು ತರಬೇಡಿ. ಅದು ಅವರ ನೆರಳಿನಲ್ಲಿ ನಿಂತು ಫೋಟೊ ತೆಗೆಸಿಕೊಂಡ ಹಾಗೆ.

ಹೆಜ್ಜೆ 5: ಫೋಟೊ

ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಹಿಂದೆ ಫ್ಲೆಕ್ಸ್. ಎಲ್ಲರ ಸನ್ಮಾನದ ಫೋಟೊವೂ ಒಂದೇ. ಅಂಥದ್ದು ಒಂದು ಸಾಕು, ಹದಿನಾಲ್ಕು ಬೇಡ. ನನ್ನ ಕೇಳಿದರೆ ಪುಸ್ತಕದ ಮುಖಪುಟ, ಕಥೆ ಅಚ್ಚಾದ ಪುಟ, ಇಲ್ಲವೇ ತಿದ್ದಿ ತಿದ್ದಿ ಕೆಂಪಾದ ಕರಡಿನ ಒಂದು ಹಾಳೆ ಹಾಕಿ. ಕೆಂಪು ಗೀಟು ತುಂಬಿದ ಹಾಳೆ ನೋಡಿ ಯಾರೂ ಜಂಬ ಅನ್ನುವುದಿಲ್ಲ.

ಹೆಜ್ಜೆ 6: ಎಲ್ಲಿ, ಎಷ್ಟು ಸಲ

ಒಂದೇ ಸಂದೇಶವನ್ನು ಹನ್ನೆರಡು ವಾಟ್ಸಾಪ್ ಗ್ರೂಪಿಗೆ ತಳ್ಳಿದರೆ, ಆ ಹನ್ನೆರಡರಲ್ಲೂ ಇರುವ ಪುಣ್ಯಾತ್ಮರು ಅದನ್ನು ಹನ್ನೆರಡು ಸಲ ನೋಡುತ್ತಾರೆ. ಸ್ಟೇಟಸ್ ಹಾಕುವುದು ಸಲೀಸು, ನೋಡಬೇಕೆಂದವರು ನೋಡುತ್ತಾರೆ. ಮನೆಯವರ ಗ್ರೂಪಿನಲ್ಲಿ ಧಾರಾಳವಾಗಿ ಹೇಳಿ, ಚಿಕ್ಕಪ್ಪ ದೊಡ್ಡಮ್ಮಂದಿರಿಗೆ ಖುಷಿಯಾಗುತ್ತದೆ. ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್ ಗ್ರೂಪಿನಲ್ಲಿ ಬೇಡ. ಯಾವ ಗ್ರೂಪಿಗಾದರೂ ಹಾಕುವ ಮೊದಲು ನೋಡಿಕೊಳ್ಳಿ: ಕಳೆದ ತಿಂಗಳು ಅಲ್ಲಿ ಬೇರೆಯವರ ಬರಹಕ್ಕೆ ನೀವು ಒಂದು ಮಾತಾದರೂ ಹೇಳಿದ್ದೀರಾ? ಇಲ್ಲವಾದರೆ ಮೊದಲು ಅದನ್ನು ಮಾಡಿ.

ಒಂದು ಪುಸ್ತಕಕ್ಕೆ ನಾನು ಇಟ್ಟುಕೊಂಡಿರುವ ಲೆಕ್ಕ ಹೀಗೆ: ಮುಖಪುಟ ಒಂದು ಸಲ, ಬಿಡುಗಡೆಯ ಆಹ್ವಾನ ಒಂದು ಸಲ, ಪುಸ್ತಕ ಎಲ್ಲಿ ಸಿಗುತ್ತದೆ ಎಷ್ಟು ಬೆಲೆ ಅಂತ ಒಂದು ಸಲ. ಆಮೇಲೆ ಹೊಸದೇನಾದರೂ ನಡೆದರೆ ಮಾತ್ರ. ವಿಮರ್ಶೆ ಬಂದರೆ ಅದರಲ್ಲಿ ತಪ್ಪು ತೋರಿಸಿದ ಸಾಲನ್ನೂ ಸೇರಿಸಿಯೇ ಹಂಚಿ. ಹೊಗಳಿಕೆಯ ಮೂರು ಸಾಲು ಮಾತ್ರ ಕತ್ತರಿಸಿ ಹಾಕಿದರೆ, ಪೂರ್ತಿ ಓದಿದವರು ನಗುತ್ತಾರೆ. ಯಾರೋ ಖಾಸಗಿಯಾಗಿ ಕಳಿಸಿದ ಮೆಚ್ಚುಗೆಯ ಸ್ಕ್ರೀನ್‌ಶಾಟನ್ನು ಅವರನ್ನು ಕೇಳದೆ ಹಾಕಬೇಡಿ.

ಹೆಜ್ಜೆ 7: ಅಭಿನಂದನೆಗೆ ಉತ್ತರ

‘ಥ್ಯಾಂಕ್ಸ್, ಖುಷಿಯಾಯ್ತು’ ಅನ್ನಿ, ಮುಗಿಯಿತು. ‘ಅಯ್ಯೋ ನಂದೇನಿದೆ’ ಅಂದರೆ ಎದುರಿನವರು ಇನ್ನೊಂದು ಸಲ ಹೊಗಳಬೇಕಾಗುತ್ತದೆ, ಸುಮ್ನೆ ಅವರಿಗೆ ಕೆಲಸ. ಇನ್ನೊಬ್ಬರಿಗೆ ಬಹುಮಾನ ಬಂದಾಗ ಅವರ ಪೋಸ್ಟಿನ ಕೆಳಗೆ ‘ಅಭಿನಂದನೆಗಳು, ನನಗೂ ಹಿಂದೆ ಇದೇ ಬಂದಿತ್ತು’ ಅನ್ನಬೇಡಿ. ‘ಇವರ ಮೊದಲ ಕಥೆ ತಿದ್ದಿಕೊಟ್ಟವನು ನಾನೇ’ ಅನ್ನುವುದು ಅದಕ್ಕಿಂತ ಕೆಟ್ಟದು, ಅದು ನಿಜವಾಗಿದ್ದರೂ.

ಹೆಜ್ಜೆ 8: ಅರ್ಜಿಯಲ್ಲಿ ವಿನಯ ಬೇಡ

ಇಷ್ಟು ಹೊತ್ತು ಹೇಳಿದ ಸಂಕೋಚವನ್ನೆಲ್ಲ ಒಂದು ಕಡೆ ಪಕ್ಕಕ್ಕಿಡಬೇಕು. ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಫೆಲೋಶಿಪ್‌ಗಳು, ಅನುವಾದದ ಕೆಲಸ, ಅಂಕಣದ ಅವಕಾಶ, ಇವಕ್ಕೆಲ್ಲ ಅರ್ಜಿಯನ್ನೋ ಪರಿಚಯವನ್ನೋ ಕಳಿಸಬೇಕಾಗುತ್ತದೆ. ಅಲ್ಲಿ ಓದುವವರು ನಿಮ್ಮನ್ನು ಅಳೆಯಲೆಂದೇ ಕೂತಿರುತ್ತಾರೆ. ಬಂದದ್ದೆಲ್ಲ ಬರೆಯಿರಿ, ಹೊಸದರಿಂದ ಹಳೆಯದಕ್ಕೆ, ವರ್ಷದ ಸಮೇತ. ಬಣ್ಣ ಬೇಡ, ಬಿಡುವುದೂ ಬೇಡ. ನಾನು ಒಂದು ಅರ್ಜಿಯಲ್ಲಿ ನಾಚಿಕೆಗೆ ಬಿದ್ದು ಎರಡು ಬಹುಮಾನ ಬಿಟ್ಟಿದ್ದೆ. ಅವಕಾಶ ಹೋಯಿತು. ಅದರಿಂದಲೇ ಹೋಯಿತಾ ಗೊತ್ತಿಲ್ಲ, ಹೊಟ್ಟೆ ಮಾತ್ರ ಉರಿಯಿತು.

ಅದಕ್ಕಾಗಿಯೇ ಹೆಜ್ಜೆ 1ರ ಚೀಟಿಗಳನ್ನು ಎಸೆಯಬೇಡಿ. ಎಲ್ಲವನ್ನೂ ಒಂದು ಕಡತದಲ್ಲಿ ಸೇರಿಸುತ್ತಾ ಹೋಗಿ. ಪ್ರಮಾಣಪತ್ರದ ಫೋಟೊ, ಪತ್ರಿಕೆಯ ತುಣುಕು, ತಾರೀಖು ಎಲ್ಲ ಅಲ್ಲೇ ಇರಲಿ.

ಹೆಜ್ಜೆ 9: ವೇದಿಕೆಯ ಪರಿಚಯ

ಗೋಷ್ಠಿಗೆ ಕರೆದವರು ‘ನಿಮ್ಮ ಪರಿಚಯ ಕಳಿಸಿ’ ಅಂತಾರೆ. ನಾವು ಎರಡು ಪುಟ ಕಳಿಸುತ್ತೇವೆ. ನಿರೂಪಕರು ಅಷ್ಟನ್ನೂ ಓದುತ್ತಾರೆ. ಓದಿದ ಶಾಲೆ, ಭಾಗವಹಿಸಿದ 23 ಕವಿಗೋಷ್ಠಿ, ತಾಲ್ಲೂಕು ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಬಂದ ಲೇಖನ. ಜನ ಕಾಫಿ ಕಡೆ ನೋಡುತ್ತಿರುತ್ತಾರೆ, ನಾವು ನೆಲ ನೋಡುತ್ತಿರುತ್ತೇವೆ. ತಪ್ಪು ನಿರೂಪಕರದ್ದಲ್ಲ, ಕಳಿಸಿದವರದ್ದು.

ಮೂರು ಅಳತೆಯಲ್ಲಿ ಪರಿಚಯ ತಯಾರಿಟ್ಟುಕೊಳ್ಳಿ. ಪುಸ್ತಕದ ಬೆನ್ನಿಗೆ ಸುಮಾರು 50 ಪದ, ಅರ್ಜಿಗೆ ಒಂದು ಪುಟ, ವೇದಿಕೆಗೆ ಆರು ವಾಕ್ಯ. ವೇದಿಕೆಯದ್ದರಲ್ಲಿ ಊರು, ಹೊಟ್ಟೆಪಾಡಿನ ಕೆಲಸ, ಪುಸ್ತಕಗಳ ಹೆಸರು, ಬಹುಮಾನ ಒಂದು ಅಥವಾ ಎರಡು, ಈಗ ಏನು ಬರೆಯುತ್ತಿದ್ದೀರಿ, ಇವತ್ತು ಯಾವುದರ ಬಗ್ಗೆ ಮಾತಾಡುತ್ತೀರಿ. ಅಷ್ಟೇ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಜೇಬಿನಲ್ಲಿಟ್ಟುಕೊಂಡು ಹೋಗಿ, ಹತ್ತು ನಿಮಿಷ ಮುಂಚೆ ನಿರೂಪಕರ ಕೈಗೆ ಕೊಡಿ. ಅವರಿಗೂ ನಿರಾಳವಾಗುತ್ತದೆ.

ಕಳೆದ ಸಲ ನಾನು ಹಾಗೇ ಮಾಡಿದೆ. ಆರೇ ವಾಕ್ಯ. ನಿರೂಪಕರು ಚೀಟಿ ಬಿಡಿಸಿದರು, ಗಂಟಲು ಸರಿಮಾಡಿಕೊಂಡರು, ‘ನಾಡಿನ ಖ್ಯಾತ ಸಾಹಿತಿಗಳು, ಸರಸ್ವತಿ ಪುತ್ರರು’ ಅಂತ ಶುರುಮಾಡಿದರು. ಚೀಟಿಯಲ್ಲಿ ಅದಿರಲಿಲ್ಲ. ಮೊದಲ ಸಾಲಿನಲ್ಲಿ ಕೂತಿದ್ದ ಗೆಳತಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ನಾನಲ್ಲ ಅಂತ ಅಲ್ಲಿಂದಲೇ ಕೈ ಆಡಿಸಿದೆ.